ಕಾಲೇಜಿನ ಬಾಗಿಲು ಮುಚ್ಚಿಸುವ ಕಾನೂನು: ಹಾಂಗ್‌ಕಾಂಗ್ ಶಿಕ್ಷಣ ಕಾರ್ಯದರ್ಶಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಹಾಂಗ್‌ಕಾಂಗಿನಲ್ಲಿ ನೆಲೆಸಿ ಮಕ್ಕಳನ್ನು ಇಲ್ಲೇ ಓದಿಸುತ್ತಿರುವ ಕನ್ನಡಿಗ ನಾನು. ಖಾಸಗಿ ಕಾಲೇಜುಗಳ ನೋಂದಣಿಯಲ್ಲಿ ರಾಜಕೀಯ ಬೆರೆಯಬಾರದೆಂದು ಕೇಳಿಕೊಳ್ಳಲು ಈ ಪತ್ರ. ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೂ ಕಳಿಸಿದ್ದೇನೆ.

ಇಲ್ಲಿಯ ತುಯೆನ್ ಮುನ್ ಪ್ರದೇಶದ ಮಾರಿಸನ್ ಕಟ್ಟಡವನ್ನು 2004ರಲ್ಲಿ ಸಂರಕ್ಷಿತ ಸ್ಮಾರಕವೆಂದು ಸರ್ಕಾರ ಘೋಷಿಸಿತು. 1936ರಲ್ಲಿ ಚೀನಾದ ಸೇನಾನಿ ಜನರಲ್ ತ್ಸಾಯ್ ತಿಂಗ್‌ಕಾಯ್ ಕಟ್ಟಿಸಿದ ಬಂಗಲೆ ಅದು. ಅಲ್ಲಿ 1946ರಿಂದ ತಾತ್ ತಕ್ ಎಂಬ ಖಾಸಗಿ ಕಾಲೇಜು ನಡೆಯಿತು. ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಚೀನಾದ ಎಡಪಂಥೀಯ ವಿದ್ವಾಂಸರು. 1948ರ ಕೊನೆಗೆ ಬ್ರಿಟಿಷ್ ವಸಾಹತು ಸರ್ಕಾರ ಶಿಕ್ಷಣ ಕಾಯ್ದೆಗೆ ತಿದ್ದುಪಡಿ ತಂದಿತು, ಅದರ ಬಲದ ಮೇಲೆ 1949ರ ಫೆಬ್ರವರಿಯಲ್ಲಿ ಕಾಲೇಜಿನ ನೋಂದಣಿಯೇ ರದ್ದಾಯಿತು. ಸರ್ಕಾರ ಕೊಟ್ಟ ಕಾರಣ ರಾಜಕೀಯ. ಪಾಠ ಸರಿಯಿಲ್ಲ ಎಂಬ ದೂರಿನ ಮೇಲೆ ಮುಚ್ಚಿದ್ದಲ್ಲ.

ಎಡಪಂಥೀಯರಿಗಷ್ಟೇ ಬಿಸಿ ತಟ್ಟಿತು ಎನ್ನುವಂತೆಯೂ ಇಲ್ಲ. ಅದೇ 1949ರಲ್ಲಿ ಕಮ್ಯುನಿಸ್ಟರ ಆಳ್ವಿಕೆ ಒಲ್ಲದೆ ಬಂದ ಚಿಯೆನ್ ಮು, ತಾಂಗ್ ಜುನ್‌ಯಿ ಮೊದಲಾದ ವಿದ್ವಾಂಸರು ನ್ಯೂ ಏಷ್ಯಾ ಕಾಲೇಜು ಕಟ್ಟಿದರು. ಶಾಮ್ ಶುಯಿ ಪೋದ ಕ್ವೈಲಿನ್ ಬೀದಿಯಲ್ಲಿ ಬಾಡಿಗೆಯ ಕೆಲವು ಕೋಣೆ. ಮನೆಯಿಲ್ಲದ ಹುಡುಗರು ರಾತ್ರಿ ಮೆಟ್ಟಿಲ ಮೇಲೆ, ಮಾಳಿಗೆಯ ಮೇಲೆ ಮಲಗುತ್ತಿದ್ದರು. ಅಷ್ಟು ಬಡತನದಲ್ಲಿ ಅವರು ಓದಿದರಲ್ಲ, ಅದನ್ನು ನೆನೆದರೆ ನನಗೆ ಕೈ ಮುಗಿಯಬೇಕೆನಿಸುತ್ತದೆ. ಮುಂದೆ ಸರ್ಕಾರಿ ಅನುದಾನದ ಮಾತು ಬಂದಾಗ, ತೈವಾನ್ ಸರ್ಕಾರದ ರಾಷ್ಟ್ರೀಯ ದಿನವಾದ ಅಕ್ಟೋಬರ್ 10ರಂದು ಅದರ ಬಾವುಟ ಹಾರಿಸುವುದನ್ನು ಅವರೂ ನಿಲ್ಲಿಸಬೇಕಾಯಿತು. ಪೀಕಿಂಗಿನ ಕಮ್ಯುನಿಸ್ಟ್ ಸರ್ಕಾರ, ತೈಪೆಯ ತೈವಾನ್ ಸರ್ಕಾರ ಎರಡೂ ಕಡೆಯ ಜಗಳ ಹಾಂಗ್‌ಕಾಂಗಿಗೆ ಬರಬಾರದೆಂಬ ಬ್ರಿಟಿಷರ ಭಯ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ ಬೆಲೆ ತೆತ್ತವರು ವಿದ್ಯಾರ್ಥಿಗಳು. ತೈಪೆಯ ಮಾನ್ಯತೆ ಪಡೆದ ಚು ಹಾಯ್ ಕಾಲೇಜಿನ ಪದವೀಧರರ ಸರ್ಟಿಫಿಕೇಟಿಗೆ ಇಲ್ಲಿಯ ಸರ್ಕಾರಿ ನೌಕರಿಯಲ್ಲಿ ಕಿಮ್ಮತ್ತಿರಲಿಲ್ಲ.

1960ರಲ್ಲಿ ಖಾಸಗಿ ಕಾಲೇಜುಗಳಿಗೆಂದೇ ಪ್ರತ್ಯೇಕ ಕಾಯ್ದೆ ಬಂತು. 1963ರಲ್ಲಿ ನ್ಯೂ ಏಷ್ಯಾ, ಚುಂಗ್ ಚಿ, ಯುನೈಟೆಡ್ ಕಾಲೇಜುಗಳು ಸೇರಿ ಚೈನೀಸ್ ಯೂನಿವರ್ಸಿಟಿ ಆಯಿತು. ಉಳಿದ ಕಾಲೇಜುಗಳು ಹೊರಗೇ ಉಳಿದವು.

ಆ 1960ರ ಕಾಯ್ದೆ ಈಗಲೂ ನಿಮ್ಮ ಕೈಯಲ್ಲಿದೆ. ಅದರಡಿ ಯಾವುದೇ ಕಾಲೇಜಿನ ನೋಂದಣಿಯ ಪ್ರಶ್ನೆ ಎದ್ದರೂ ಪಾಠ, ಮೇಷ್ಟ್ರುಗಳು, ಗ್ರಂಥಾಲಯ, ಲೆಕ್ಕಪತ್ರ ಇಷ್ಟನ್ನೇ ನೋಡಿ ತೀರ್ಮಾನಿಸುತ್ತೇವೆಂದು ನೀವು ಲಿಖಿತವಾಗಿ ಹೇಳಬೇಕು. ಕಾಲೇಜಿನವರ ರಾಜಕೀಯ ಯಾವ ಬಣ್ಣದ್ದೇ ಇರಲಿ, ಅದು ಕಡತಕ್ಕೆ ಸೇರಕೂಡದು. ಶಾಲೆಯ ಚರಿತ್ರೆ ಪಾಠದಲ್ಲಿ ತಾತ್ ತಕ್ ಕಥೆಯ ಜೊತೆಗೇ ನ್ಯೂ ಏಷ್ಯಾದ ಬಾವುಟದ ಕಥೆಯನ್ನೂ ಹೇಳಿಸಿ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತ ಮಗುವಿಗೆ ಅರ್ಧ ಸತ್ಯವಷ್ಟೇ ಸಿಕ್ಕುತ್ತದೆ. ನಿಮ್ಮ ಉತ್ತರ ಬಂದರೆ ಅದನ್ನೂ ಕನ್ನಡಕ್ಕೆ ತಂದು ಪ್ರಕಟಿಸುತ್ತೇನೆ.

ಇಂತಿ,
ಹಾಂಗ್‌ಕಾಂಗಿನ ಒಬ್ಬ ಕನ್ನಡಿಗ ಪೋಷಕ