ನಿನ್ನ ಪುಸ್ತಕಕ್ಕೆ ನಾನು ಬೆನ್ನುಡಿ ಬರೆಯುವುದಿಲ್ಲ

ಗೆಳೆಯಾ,

ನಿನ್ನ ಕಥಾಸಂಕಲನ ಅಚ್ಚಿಗೆ ಹೋಗುತ್ತಿದೆ ಎಂಬ ಸುದ್ದಿ ಓದಿ ಮೊದಲು ಸಂತೋಷವಾಯಿತು. ಸ್ವಲ್ಪ ಹೊತ್ತಿನ ನಂತರ ಹೊಟ್ಟೆಕಿಚ್ಚಾಯಿತು. ಊಟದ ಹೊತ್ತಿಗೆ ಮತ್ತೆ ಸಂತೋಷವೇ ಉಳಿದುಕೊಂಡಿತು. ಇದನ್ನು ನಿನ್ನಿಂದ ಮುಚ್ಚಿಡಬೇಕಾಗಿಲ್ಲ. ನನ್ನ ಕತೆ ಮಾಸಪತ್ರಿಕೆಯೊಂದರಲ್ಲಿ ಬಂದ ದಿನ ನೀನೂ ‘ಅಭಿನಂದನೆ’ ಎಂದಷ್ಟೇ ಬರೆದು ಕಳುಹಿಸಿ, ಸಂಜೆಯವರೆಗೆ ಫೋನ್ ಎತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಗೆ ಲೆಕ್ಕ ಚುಕ್ತಾ.

ಈ ಪತ್ರ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಬೆನ್ನುಡಿಗೆ ನಾಲ್ಕು ಸಾಲು ಬರೆದುಕೊಡು ಎಂದು ಕೇಳಿದ್ದೀಯಲ್ಲ, ಬರೆಯುವುದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ವಾದ ಮಾಡಿ ಗೆಲ್ಲುತ್ತೀಯ, ಮೇಷ್ಟ್ರ ಬಾಯಿ ನಿನ್ನದು. ಅದಕ್ಕೇ ಬರೆದು ಹೇಳುತ್ತಿದ್ದೇನೆ. ಮೊದಲ ಪುಸ್ತಕದ ತಯಾರಿಯಲ್ಲಿರುವ ಇನ್ನೂ ಕೆಲವರಿಗೆ ಉಪಯೋಗವಾದೀತು ಎಂದು ನಿನ್ನ ಹೆಸರು, ಪ್ರಕಾಶಕರ ಹೆಸರು ಬಿಟ್ಟು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಸಿಟ್ಟು ಬಂದರೆ ಇಲ್ಲೇ ಕೆಳಗೆ ಬೈದುಬಿಡು.

2020ರ ಲಾಕ್‌ಡೌನ್ ಕಾಲದಲ್ಲಿ ನಡೆದ ಆ ಆನ್‌ಲೈನ್ ಕಥಾಕಮ್ಮಟ ಇಲ್ಲದಿದ್ದರೆ ಸಿಂಧನೂರಿನ ಸರ್ಕಾರಿ ಶಾಲೆಯ ಮೇಷ್ಟ್ರಿಗೂ ಶಿರಸಿಯ ಅಡಿಕೆ ಸೊಸೈಟಿಯ ಗುಮಾಸ್ತನಿಗೂ ಎಲ್ಲಿಂದ ನಂಟು? ಅಂದು ಸಂಪನ್ಮೂಲ ವ್ಯಕ್ತಿಗಳು ಎಲ್ಲರ ಕತೆಯನ್ನೂ ‘ಭರವಸೆ ಮೂಡಿಸುತ್ತದೆ’ ಎಂದು ಹೊಗಳುತ್ತಿದ್ದರು. ನೀನೊಬ್ಬನೇ ನನ್ನ ಕತೆಯ ಕೊನೆಯ ಪ್ಯಾರಾ ಅನವಶ್ಯಕ ಎಂದು ಬರೆದು ಕಳುಹಿಸಿದೆ. ನನಗೆ ಎಷ್ಟು ಸಿಟ್ಟು ಬಂತೆಂದರೆ ಆ ಪ್ಯಾರಾವನ್ನು ಉಳಿಸಿಕೊಳ್ಳಲು ಮೂರು ಕಾರಣ ಹುಡುಕಿ ಉತ್ತರ ಬರೆದೆ. ನೀನು ಮೂರಕ್ಕೂ ಉತ್ತರ ಕೊಟ್ಟೆ. ಕೊನೆಗೆ ಪ್ಯಾರಾ ಹೋಯಿತು, ನೀನು ಉಳಿದೆ. ಅಲ್ಲಿಂದ ಇಲ್ಲಿಯವರೆಗೆ ನಮ್ಮ ನಡುವೆ ಓಡಾಡಿದ್ದೆಲ್ಲ ಇಂಥದ್ದೇ. ಈ ಪಾತ್ರಕ್ಕೆ ಹಸಿವೇ ಆಗುವುದಿಲ್ಲವೇ, ಈ ಹೆಂಗಸು ಇಷ್ಟು ಬೇಗ ಏಕೆ ಕ್ಷಮಿಸಿದಳು, ಮಳೆಯನ್ನು ಎಷ್ಟು ಸಲ ಸುರಿಸುತ್ತೀಯ ಮಾರಾಯ. ನಮ್ಮ ಮಲೆನಾಡಿನವರ ಕತೆಗಳಲ್ಲಿ ಮಳೆ ಸಂಬಳವಿಲ್ಲದೆ ದುಡಿಯುತ್ತದೆ ಎಂದು ನೀನು ಅಂದಿದ್ದನ್ನು ನಾನು ಇಲ್ಲಿ ಹಲವರಿಗೆ ನನ್ನದೇ ಮಾತೆಂಬಂತೆ ಹೇಳಿದ್ದೇನೆ.

ಈಗ ಬೆನ್ನುಡಿಯ ಸಂಗತಿ. ಬೆನ್ನುಡಿಯಲ್ಲಿ ಒಳ್ಳೆಯದನ್ನು ಮಾತ್ರ ಹೇಳಬಹುದು. ‘ಎರಡನೆಯ ಕತೆ ನಡುವೆ ಸೊರಗಿದೆ, ಉಳಿದದ್ದು ಗಟ್ಟಿಯಾಗಿದೆ’ ಎಂದು ಬರೆದರೆ ಯಾವ ಪ್ರಕಾಶಕರೂ ಹಾಕುವುದಿಲ್ಲ. ಹಾಗಿರುವಾಗ ನಾನು ಒಮ್ಮೆ ಅಲ್ಲಿ ನಿನ್ನನ್ನು ಹೊಗಳಿದೆ ಎಂದುಕೋ. ಮುಂದಿನ ಕತೆಗೆ ನಾನು ‘ಇದು ಕೂತಿಲ್ಲ’ ಎಂದಾಗ ನಿನಗೆ ನೆನಪಾಗುವುದು ಆ ಹೊಗಳಿಕೆಯೇ. ಬೆನ್ನುಡಿಯಲ್ಲಿ ಹಾಗೆ ಬರೆದವನು ಈಗ ಹೀಗೇಕೆ ಹೇಳುತ್ತಿದ್ದಾನೆ, ಇವನಿಗೆ ಎಲ್ಲೋ ನೋವಾಗಿರಬೇಕು ಎಂದುಕೊಳ್ಳುತ್ತೀಯ. ಇನ್ನೊಂದು, ನಾಳೆ ನನ್ನ ಪುಸ್ತಕ ಬಂದರೆ ಮದುವೆ ಮನೆಯ ಮುಯ್ಯಿಯ ಹಾಗೆ ನೀನು ಅದನ್ನು ತೀರಿಸಬೇಕಾಗುತ್ತದೆ. ನಮ್ಮ ಸುತ್ತ ಎಷ್ಟು ಸಂಕಲನಗಳ ಹಿಂಬದಿಯಲ್ಲಿ ಈ ಮುಯ್ಯಿಯ ಪಟ್ಟಿ ಕಾಣುತ್ತದೆ ನೋಡು. ಇವರ ಪುಸ್ತಕಕ್ಕೆ ಅವರು, ಅವರ ಪುಸ್ತಕಕ್ಕೆ ಇವರು, ಇಬ್ಬರ ಪುಸ್ತಕದ ಬಿಡುಗಡೆಗೂ ಅದೇ ಮೂರನೆಯವರು. ಓದುಗರು ದಡ್ಡರಲ್ಲ, ಅವರಿಗೆ ಇದು ಗೊತ್ತಾಗಿ ಬಹಳ ಕಾಲವಾಯಿತು.

ಇಷ್ಟಕ್ಕೂ ನನ್ನ ಮಾತಿಗೆ ಅಲ್ಲಿ ಏನು ಬೆಲೆ? ಒಂದೂ ಪುಸ್ತಕ ಬಾರದ ಗುಮಾಸ್ತ ಹೊಗಳಿದ್ದಾನೆ ಎಂದು ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಯಾರಾದರೂ ಪುಸ್ತಕ ಕೊಳ್ಳುತ್ತಾರೆಯೇ? ಆ ಜಾಗದಲ್ಲಿ ನಿನ್ನದೇ ಕತೆಯ ಒಂದು ಪ್ಯಾರಾ ಹಾಕಿಸು. ಕ್ಯಾಂಪಿನ ಹುಡುಗ ಮನೆಯಲ್ಲಿ ಬಂಗಾಳಿಯಲ್ಲಿ ಎಣಿಸಿ, ಶಾಲೆಯಲ್ಲಿ ಕನ್ನಡದಲ್ಲಿ ಮಗ್ಗಿ ಹೇಳಿ, ಮೀನು ಮಾರುವಾಗ ಎರಡನ್ನೂ ಬೆರೆಸುತ್ತಾನಲ್ಲ, ಆ ಪ್ಯಾರಾ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರಿಗೆ ನಿಮ್ಮ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು ಎಂಬುದು ನನಗೆ ಆ ಕತೆ ಓದುವವರೆಗೆ ಗೊತ್ತೇ ಇರಲಿಲ್ಲ. ಅಂಗಡಿಯಲ್ಲಿ ಪುಸ್ತಕ ತಿರುವಿ ನೋಡುವವನಿಗೂ ಗೊತ್ತಿರಲಿಕ್ಕಿಲ್ಲ. ಅವನು ಒಳಪುಟ ತೆರೆಯಲು ಅಷ್ಟು ಸಾಕು.

ಇನ್ನು ಮುನ್ನುಡಿ. ಇದು ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಿಷಯ. ನೀನು ಕಳುಹಿಸಿದ ಲೆಕ್ಕ ನೋಡಿದೆ. ಮುನ್ನುಡಿಯ ಆರು ಪುಟ ಸೇರಿ ಒಟ್ಟು 134 ಪುಟ. ಡೆಮಿ ಅಳತೆಯ ಪುಸ್ತಕದಲ್ಲಿ ಅಚ್ಚಿನ ಒಂದು ದೊಡ್ಡ ಹಾಳೆಗೆ, ಅಂದರೆ ಒಂದು ಫಾರಂಗೆ, ಹದಿನಾರು ಪುಟ; ಎಂಟು ಫಾರಂಗೆ 128. ಅರ್ಧ ಫಾರಂ ಸೇರಿಸಿದರೆ 136 ಆಗುತ್ತದೆ, ಆದರೆ ಪ್ರಕಾಶಕರಿಗೆ ಅದು ಬೇಡ. ಕಾಗದದ ಬೆಲೆ ಗೊತ್ತಿರುವ ಯಾರೂ ಅವರನ್ನು ದೂರುವುದಿಲ್ಲ. ಆರು ಪುಟ ಇಳಿಸಿ ಎಂದಿದ್ದಾರೆ. ಅದಕ್ಕೆ ನೀನು ಕಂಡುಕೊಂಡ ಉಪಾಯ, ಕಾಲುವೆಯ ನೀರು ಬಿಡುವ ನೌಕರನ, ಆ ಲಸ್ಕರನ ಕತೆಯನ್ನು ಕೈಬಿಡುವುದು. ಸರಿಯಾಗಿ ಆರು ಪುಟದ ಕತೆ, ಲೆಕ್ಕ ಸಲೀಸು!

ಮುನ್ನುಡಿಯೂ ಆರೇ ಪುಟವಲ್ಲವೇ? ಅದನ್ನು ತೆಗೆದುಹಾಕು.

ಹಿರಿಯರು, ತಿಂಗಳುಗಟ್ಟಲೆ ಕಾಯಿಸಿದರೂ ಪ್ರೀತಿಯಿಂದ ಬರೆದುಕೊಟ್ಟಿದ್ದಾರೆ, ಈಗ ಬೇಡವೆಂದರೆ ಬೇಸರವಾಗುತ್ತದೆ ಎಂಬ ನಿನ್ನ ಸಂಕೋಚ ಅರ್ಥವಾಗುತ್ತದೆ. ಆದರೆ ನೀನು ಕಳುಹಿಸಿದ ಮುನ್ನುಡಿಯ ಪ್ರತಿಯನ್ನು ನಾನು ಓದಿದೆ. ಮೊದಲೆರಡು ಪುಟ ಕನ್ನಡ ಸಣ್ಣಕತೆ ನಡೆದು ಬಂದ ದಾರಿ. ಅದರಲ್ಲಿ ನೀನಿಲ್ಲ. ನಂತರದ ಮೂರು ಪುಟಗಳಲ್ಲಿ ನಿನ್ನ ಕತೆಗಳ ಸಾರಾಂಶ, ಅದೂ ಕೊನೆಯ ತಿರುವುಗಳ ಸಮೇತ. ಉಳಿದ ಒಂದು ಪುಟ ಆಶೀರ್ವಾದ. ಮುನ್ನುಡಿಯೇ ಒಳ್ಳೆಯ ವಿಮರ್ಶೆಯಾಗಿ ನಿಂತ ಪುಸ್ತಕಗಳು ಕನ್ನಡದಲ್ಲಿ ಇವೆ, ಇಲ್ಲವೆನ್ನುವುದಿಲ್ಲ. ಇದು ಅಂಥದ್ದಲ್ಲ ಎಂದು ನಿನಗೂ ಗೊತ್ತು. ಅದನ್ನು ಪತ್ರಿಕೆಯೊಂದಕ್ಕೆ ಲೇಖನವಾಗಿ ಕೊಡಲು ಅವರನ್ನೇ ವಿನಂತಿಸು, ಪುಟದ ಕಷ್ಟವನ್ನು ಇದ್ದಂತೆ ಹೇಳು. ತಾವೂ ಹತ್ತಾರು ಪುಸ್ತಕ ಅಚ್ಚು ಹಾಕಿಸಿದವರು, ಫಾರಂ ಲೆಕ್ಕ ಅವರಿಗೆ ಹೊಸದಲ್ಲ.

ಲಸ್ಕರನ ಕತೆ ಮಾತ್ರ ಹೋಗಕೂಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾದಾಗ ನೀನು ಬೆಳಗಿನ ಜಾವಕ್ಕೆ ಕಳುಹಿಸಿದ ಧ್ವನಿ ಸಂದೇಶ ಇನ್ನೂ ನನ್ನ ಮೊಬೈಲಿನಲ್ಲಿದೆ. ನಾಟಿ ಮುಗಿದ ಗದ್ದೆಗಳ ನಡುವೆ ನಿಂತ ನಿನ್ನ ಊರಿನ ಜನ ಅಣೆಕಟ್ಟು ಉಳಿಯುತ್ತದೋ ಇಲ್ಲವೋ ಎಂಬುದಕ್ಕಿಂತ ಎಡದಂಡೆ ಕಾಲುವೆಗೆ ನೀರು ಸಿಗುತ್ತದೋ ಇಲ್ಲವೋ ಎಂದು ಮಾತನಾಡುತ್ತಿದ್ದರು ಎಂದು ಅದರಲ್ಲಿ ಹೇಳಿದ್ದೆ. ಮೂವತ್ಮೂರು ಗೇಟುಗಳಲ್ಲಿ ಒಂದರ ಮೇಲಿನ ಒತ್ತಡ ತಗ್ಗಿಸಲು ಉಳಿದವುಗಳಿಂದಲೂ ನೀರು ಬಿಟ್ಟ ಆ ವಾರ, ಟಿವಿಯವರೆಲ್ಲ ಅಣೆಕಟ್ಟಿನ ಮುಂದೆ ನಿಂತಿದ್ದರು. ನೀನು ಮಾತ್ರ ನೂರಾರು ಕಿಲೋಮೀಟರ್ ಉದ್ದದ ಕಾಲುವೆಯ ಯಾವುದೋ ತೂಬಿನ ಬಳಿ ಕೂತ ಒಬ್ಬ ಲಸ್ಕರನನ್ನು ನೋಡಿದೆ. ಇಡೀ ನೌಕರಿಯನ್ನು ಒಂದು ಅಂಗುಲ ನೀರಿಗಾಗಿ ಕೆಳಭಾಗದ ರೈತರಿಂದ ಬೈಸಿಕೊಂಡು ಕಳೆದವನು, ಅಷ್ಟೊಂದು ನೀರು ಯಾರನ್ನೂ ಕೇಳದೆ ಹೋಗುತ್ತಿರುವ ಸುದ್ದಿ ಕೇಳಿ ನಗುತ್ತಾನಲ್ಲ, ಆ ನಗು ನಿನ್ನ ಇಡೀ ಸಂಕಲನದಲ್ಲಿ ನನಗೆ ಹೊಟ್ಟೆಕಿಚ್ಚು ತಂದ ಜಾಗ. ‘ಪತ್ರಿಕೆಯ ಸುದ್ದಿಯಂತಿದೆ’ ಎಂದು ಪ್ರಕಾಶಕರ ಕಡೆಯವರು ಯಾರೋ ಅಂದರಂತೆ. ಅನ್ನಲಿ. ಯಾವ ಸುದ್ದಿಯಲ್ಲೂ ಅವನು ನಗಲಿಲ್ಲ.

ಕರಡಚ್ಚು ತಿದ್ದುವವರ ಬಗ್ಗೆ ಒಂದು ಮಾತು. ನಿನ್ನ ಪಾತ್ರಗಳ ರಾಯಚೂರು ಸೀಮೆಯ ಮಾತನ್ನು ಅಲ್ಲಲ್ಲಿ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಿದ್ದಾರೆ. ಎಲ್ಲ ಕಡೆ ತಿದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು, ಅಲ್ಲಲ್ಲಿ ತಿದ್ದಿರುವುದರಿಂದ ಒಬ್ಬಳೇ ಅಜ್ಜಿ ಒಂದೇ ಪುಟದಲ್ಲಿ ಎರಡು ಊರಿನವಳಾಗಿದ್ದಾಳೆ. ಮೂಲ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಸಂಭಾಷಣೆಗಳನ್ನು ಮಾತ್ರ ಒಮ್ಮೆ ಜೋರಾಗಿ ಓದು, ಎಡವಿದಲ್ಲೆಲ್ಲ ಗುರುತು ಹಾಕು. ಇನ್ನೊಂದು, ನೀನು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಅವರು ಪುಟವಿನ್ಯಾಸಕ್ಕಾಗಿ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಂಡಿದ್ದಾರೆ. ಆ ಬದಲಾವಣೆಯಲ್ಲಿ ಇಂಗ್ಲಿಷಿನಿಂದ ಬಂದ ಪದಗಳ ಒತ್ತಕ್ಷರಗಳು ಒಂದರ ಮೇಲೊಂದು ಹತ್ತಿ ಕೂತಿವೆ. ‘ಲಾಕ್‌ಡೌನ್’ ಎಂಬುದು ‘ಲಾಕ್ಡೌನ್’ ಆಗಿದೆ. ಇಂಥವು ಕಂಪ್ಯೂಟರಿಗೆ ತಪ್ಪೆಂದು ಕಾಣುವುದಿಲ್ಲ, ಕಣ್ಣಿಂದಲೇ ಹಿಡಿಯಬೇಕು. ನನಗೆ ಸಿಕ್ಕವನ್ನು ಪುಟಸಂಖ್ಯೆಯೊಂದಿಗೆ ಬೇರೆಯಾಗಿ ಕಳುಹಿಸಿದ್ದೇನೆ.

ನೂರು ಪ್ರತಿಗಳನ್ನು ಲೇಖಕರೇ ಕೊಳ್ಳಬೇಕೆಂಬ ಷರತ್ತಿನ ಬಗ್ಗೆ ನೀನು ಇಡೀ ಪುಟ ಗೋಳಾಡಿದ್ದೀಯ. ನನಗೂ ಅದು ಇಷ್ಟವಿಲ್ಲ. ಗೌರವಧನದ ಮಾತೇ ಎತ್ತದೆ ಲೇಖಕನ ಜೇಬಿಗೆ ಕೈ ಹಾಕುವ ಪದ್ಧತಿಗೆ ಒಳ್ಳೆಯ ಹೆಸರು ಕೊಡಲು ಆಗುವುದಿಲ್ಲ. ರಿಯಾಯಿತಿ ಎಷ್ಟು, ಗೌರವಧನ ಶೇಕಡಾ ಎಷ್ಟು, ಯಾವಾಗ ಕೊಡುತ್ತಾರೆ, ಮರುಮುದ್ರಣದ ಹಕ್ಕು ಯಾರದು, ಅನುವಾದದ ಹಕ್ಕು ಯಾರದು ಎಂಬುದನ್ನು ಕಾಗದದ ಮೇಲೆ ಬರೆಸಿಕೋ. ಬಾಯಿಮಾತು ಬೇಡ. ಅನುವಾದದ ಹಕ್ಕೆಂದರೆ ನಗಬೇಡ. ಬಾನು ಮುಷ್ತಾಕ್ ಅವರು ಮೂರು ದಶಕಗಳಲ್ಲಿ ಬರೆದ ಕತೆಗಳಿಂದ ಆಯ್ದ ಹನ್ನೆರಡನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದು, 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಅದು ಆ ಬಹುಮಾನ ಪಡೆದ ಮೊದಲ ಸಣ್ಣಕತೆಗಳ ಸಂಕಲನವಾಗಿತ್ತು. ಅದಕ್ಕೂ ಮೊದಲು ‘ಸಣ್ಣಕತೆ ಯಾರು ಓದುತ್ತಾರೆ, ಕಾದಂಬರಿ ಇದ್ದರೆ ತನ್ನಿ’ ಎನ್ನುತ್ತಿದ್ದ ನಿನ್ನ ಪ್ರಕಾಶಕರು ಅದೇ ಮಳೆಗಾಲದಲ್ಲಿ ನಿನ್ನ ಹಸ್ತಪ್ರತಿ ತರಿಸಿಕೊಂಡರಲ್ಲ!

ಆದರೆ ಮಾರಾಟ ಮಾಡಲು ನಾಚಿಕೆ ಎನ್ನುತ್ತೀಯಲ್ಲ, ಅದನ್ನು ಒಪ್ಪುವುದಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಶುರು ಮಾಡಿದಾಗ ಅದನ್ನು ನಡೆಸಿದ್ದು ಚಂದಾದಾರರ ಬಲದ ಮೇಲೆ. ನಿನಗೆ ಗಂಟು ಹೊರುವ ಕಷ್ಟವೂ ಇಲ್ಲ. ನಿನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಈಗ ಬೆಂಗಳೂರಿನಲ್ಲಿ, ಪುಣೆಯಲ್ಲಿ ಕೆಲಸದಲ್ಲಿದ್ದಾರೆ? ಮುಂಗಡವಾಗಿ ಹೆಸರು ಬರೆಸಿಕೋ. ಮೇಷ್ಟ್ರ ಪುಸ್ತಕ ಎಂದರೆ ಕೊಳ್ಳದೆ ಇರುತ್ತಾರೆಯೇ? ಓದುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು. ನನ್ನ ಹೆಸರನ್ನು ಪಟ್ಟಿಯಲ್ಲಿ ಮೊದಲು ಬರೆದುಕೋ, ಐದು ಪ್ರತಿ. ಗೌರವ ಪ್ರತಿ ಕಳುಹಿಸಿದರೆ ವಾಪಸ್ ಕಳುಹಿಸುತ್ತೇನೆ.

ನನ್ನ ಸುದ್ದಿ ಕೇಳಿದ್ದೀಯ. ವಿಶೇಷವೇನಿಲ್ಲ. ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳುಹಿಸಿದ ಕತೆ ಈ ಸಲವೂ ಪಟ್ಟಿಯಲ್ಲಿಲ್ಲ. ಹಿಂದಿನವರಿಗೆ ಸ್ವವಿಳಾಸದ ಲಕೋಟೆಯಲ್ಲಿ ಕತೆ ವಿಷಾದದೊಂದಿಗೆ ಹಿಂದಿರುಗಿ ಬರುತ್ತಿತ್ತಂತೆ. ನಮಗೆ ಆ ವಿಷಾದವೂ ಇಲ್ಲ, ಬರೀ ಮೌನ. ಸಂಕಲನವನ್ನು ಈ ವರ್ಷ ‘ಛಂದ ಪುಸ್ತಕ’ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆಗೆ ಕಳುಹಿಸಬೇಕೆಂದಿದ್ದೇನೆ. ಮೊದಲ ಕಥಾಸಂಕಲನಕ್ಕೆಂದೇ ಇರುವ ಸ್ಪರ್ಧೆ ಅದು, ಅಲ್ಲಿ ಹಸ್ತಪ್ರತಿಯನ್ನು ಯಾರಾದರೂ ಪೂರ್ತಿ ಓದುತ್ತಾರೆ ಎಂಬುದೇ ನನಗೆ ದೊಡ್ಡದು. ನಿನಗೆ ಇನ್ನು ಆ ಅವಕಾಶವಿಲ್ಲ ನೋಡು, ಪುಸ್ತಕವಾದವನು ನೀನು! ನನಗೊಬ್ಬ ಪ್ರತಿಸ್ಪರ್ಧಿ ಕಡಿಮೆ.

ಬಿಡುಗಡೆಗೆ ಬರುತ್ತೇನೆ. ಹುಬ್ಬಳ್ಳಿಯಲ್ಲಿ ಬಸ್ ಬದಲಿಸಿ, ಗಂಗಾವತಿ ಮೇಲೆ ಬಂದುಬಿಡುತ್ತೇನೆ, ನೀನು ರಜೆ ಹಾಕಿ ಹೊಸಪೇಟೆಯವರೆಗೆ ಬರಬೇಕಾಗಿಲ್ಲ. ಇಷ್ಟು ವರ್ಷ ಮೊಬೈಲಿನ ಪರದೆಯಲ್ಲೇ ಕಂಡವರು ನಾವು. ನೀನು ನನಗಿಂತ ಎತ್ತರವೋ ಕುಳ್ಳನೋ ಎಂಬುದೂ ಗೊತ್ತಿಲ್ಲ, ಆದರೆ ನೀನು ಯಾವ ವಾಕ್ಯದ ಬಳಿ ಬರೆಯುವುದನ್ನು ನಿಲ್ಲಿಸಿ ಚಹಾ ಕುಡಿಯಲು ಎದ್ದೆ ಎಂಬುದನ್ನು ಹೇಳಬಲ್ಲೆ. ವೇದಿಕೆಗೆ ಮಾತ್ರ ಕರೆಯಬೇಡ. ‘ಲೇಖಕರ ಆತ್ಮೀಯ ಗೆಳೆಯರು’ ಎಂದು ಮೈಕಿನಲ್ಲಿ ಹೆಸರು ಕೂಗಿದರೆ ಎದ್ದು ಹೊರಗೆ ಹೋಗುತ್ತೇನೆ. ಕಾರ್ಯಕ್ರಮ ಮುಗಿದ ಮೇಲೆ ಆ ತೂಬು ತೋರಿಸು, ಸಾಕು.

ಎರಡನೆಯ ಕರಡು ಬಂದ ಕೂಡಲೇ ಕಳುಹಿಸು, ರಾತ್ರಿಯಾದರೂ ಪರವಾಗಿಲ್ಲ. ಮುನ್ನುಡಿಯ ವಿಷಯ ಏನಾಯಿತು ತಿಳಿಸು. ಮತ್ತೆ, ನನ್ನ ಕಾದಂಬರಿಯ ಏಳನೆಯ ಅಧ್ಯಾಯ ನಿನ್ನ ಬಳಿ ಬಿದ್ದು ಬಹಳ ದಿನಗಳಾದವು. ಲೇಖಕರಾದ ಮೇಲೆ ಪುರುಸೊತ್ತು ಸಿಗುವುದಿಲ್ಲವೆಂದು ಕೇಳಿದ್ದೇನೆ, ಅಷ್ಟರೊಳಗೆ ಓದಿ ಮುಗಿಸು. ಮಳೆ ಒಂದೇ ಸಲ ಬರುತ್ತದೆ, ಅದೂ ಕತೆಗೆ ಬೇಕಾಗಿಯೇ. ಅದನ್ನು ಮುಟ್ಟಬೇಡ.

ನಿನ್ನ,
ಶಿರಸಿಯ ಗುಮಾಸ್ತ