ಅಳಿಲಿಗೆ ಕನ್ನಡಕ ತೊಡಿಸುವ ಮುನ್ನ

ಪ್ರಿಯ ಮಿತ್ರರಿಗೆ ನಮಸ್ಕಾರಗಳು.

ನೀವು ಕಳುಹಿಸಿದ ಮಕ್ಕಳ ಕಥೆಗಳ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ಮಾತುಕತೆಗಳಲ್ಲಿ ಲವಲವಿಕೆಯಿದೆ. ಆದರೆ ನಿಮ್ಮ ಅಳಿಲು ಅಳಿಲೇ ಏಕೆ ಆಗಬೇಕಿತ್ತು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ಶಾಲೆಗೆ ಹೋಗುವ, ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬೀಳುವ ಆ ಪಾತ್ರದ ಬಾಲವನ್ನು ತೆಗೆದುಬಿಟ್ಟರೆ ಅದು ಮೂರನೆಯ ತರಗತಿಯ ಹುಡುಗನಾಗುತ್ತದೆ. ಕಥೆಯಲ್ಲಿ ಬೇರೆ ಒಂದು ವಾಕ್ಯವನ್ನೂ ತಿದ್ದಬೇಕಾಗುವುದಿಲ್ಲ.

ಪ್ರಾಣಿಗಳಿಗೆ ಬಟ್ಟೆ ತೊಡಿಸಬಾರದೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷ್ ಲೇಖಕಿ ಬೀಟ್ರಿಕ್ಸ್ ಪಾಟರ್ ತಮ್ಮ ಕಥೆಯ ಮೊಲ ಪೀಟರನಿಗೆ ನೀಲಿ ಕೋಟನ್ನೂ ಬೂಟನ್ನೂ ತೊಡಿಸಿದರು. 1893ರಲ್ಲಿ ಕಾಯಿಲೆ ಮಲಗಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಬರೆದ ಚಿತ್ರಪತ್ರವಾಗಿ ಹುಟ್ಟಿದ ಆ ಕಥೆಯನ್ನು ಪ್ರಕಾಶಕರು ಒಪ್ಪದಿದ್ದಾಗ, 1901ರಲ್ಲಿ ಅವರು ಸ್ವಂತ ಖರ್ಚಿನಿಂದ 250 ಪ್ರತಿಗಳನ್ನು ಅಚ್ಚುಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಅದನ್ನು ಪ್ರಕಟಿಸಿತು. ಕಥೆಯಲ್ಲಿ ಆ ಬಟ್ಟೆಗಳಿಗೆ ಏನಾಗುತ್ತದೆ ನೋಡಿ. ತೋಟದವನು ಅಟ್ಟಿಸಿಕೊಂಡು ಬಂದಾಗ ಒಂದು ಬೂಟು ಎಲೆಕೋಸಿನ ನಡುವೆ, ಇನ್ನೊಂದು ಆಲೂಗಡ್ಡೆ ಗಿಡಗಳ ನಡುವೆ ಕಳಚಿಬೀಳುತ್ತದೆ. ಬೂಟು ಹೋದ ಮೇಲೆ ಪೀಟರ್ ನಾಲ್ಕು ಕಾಲುಗಳಲ್ಲಿ ಓಡತೊಡಗಿ ವೇಗ ಹೆಚ್ಚಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕೋಟಿನ ದೊಡ್ಡ ಗುಂಡಿಗಳು ಬಲೆಗೆ ಸಿಕ್ಕಿಕೊಳ್ಳುತ್ತವೆ; ಕೋಟನ್ನು ಅಲ್ಲಿಯೇ ಬಿಟ್ಟು ನುಸುಳಿದ್ದರಿಂದ ಜೀವ ಉಳಿಯುತ್ತದೆ. ಮನುಷ್ಯನ ವೇಷ ಅವನನ್ನು ಸಿಕ್ಕಿಸುತ್ತದೆ, ಮೊಲದ ಮೈ ಬಿಡಿಸುತ್ತದೆ. ವರ್ಷಗಟ್ಟಲೆ ಮೊಲಗಳನ್ನು ಸಾಕಿ, ಅವುಗಳ ಚಿತ್ರ ಬಿಡಿಸಿದವರಿಗೆ ಮಾತ್ರ ಹೊಳೆಯುವ ಕಥೆ ಇದು.

ಅಮೆರಿಕದ ಲೇಖಕ ಇ. ಬಿ. ವೈಟ್ 1952ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ 'ಷಾರ್ಲಟ್ಸ್ ವೆಬ್' ಇನ್ನೂ ಕಠಿಣವಾದ ಪಾಠ. ಅದನ್ನು ಬರೆಯುವ ಮುನ್ನ ಅವರು ಜೇಡಗಳ ಬಗ್ಗೆ ಗ್ರಂಥಗಳನ್ನು ಓದಿದರು, ತಮ್ಮ ಕೊಟ್ಟಿಗೆಯ ಜೇಡವನ್ನು ಗಮನಿಸಿದರು. ಅದರ ಜೇಡ ಷಾರ್ಲಟ್ ಒಳ್ಳೆಯ ಗೆಳತಿಯೆಂಬುದು ನಿಜ, ಆದರೆ ತಾನು ನೊಣಗಳ ರಕ್ತ ಕುಡಿಯುತ್ತೇನೆಂದು ಮೊದಲ ಭೇಟಿಯಲ್ಲಿಯೇ ಹೇಳಿ ಹಂದಿಮರಿ ವಿಲ್ಬರನನ್ನು ದಿಗಿಲುಗೊಳಿಸುತ್ತಾಳೆ. ಕಟುಕನಿಂದ ಅವಳು ಗೆಳೆಯನನ್ನು ಉಳಿಸುವುದು ಬಲೆಯಲ್ಲಿ ಅವನನ್ನು ಹೊಗಳುವ ಪದಗಳನ್ನು ನೇಯುವುದರಿಂದ. 514 ಮೊಟ್ಟೆಗಳ ಚೀಲವನ್ನು ಕಟ್ಟಿದ ನಂತರ ಸಾಯುವುದೂ ಜೇಡದ ಆಯುಸ್ಸು ಅಷ್ಟೇ ಆದ್ದರಿಂದ. ಕೈಗಳಿಲ್ಲದ ವಿಲ್ಬರ್ ಆ ಚೀಲವನ್ನು ಬಾಯಲ್ಲಿಟ್ಟುಕೊಂಡು ಜಾತ್ರೆಯಿಂದ ಕೊಟ್ಟಿಗೆಗೆ ತರುತ್ತಾನೆ. ಈ ಒಂದು ವಿವರಕ್ಕಾಗಿ ನಾನು ನನ್ನ ಹತ್ತು ಕಥೆಗಳನ್ನು ಬಿಟ್ಟುಕೊಡಲು ಸಿದ್ಧ.

ಪಂಚತಂತ್ರದ ಪ್ರಾಣಿಗಳು ಮನುಷ್ಯರಂತೆಯೇ ವರ್ತಿಸುವುದಿಲ್ಲವೇ ಎಂದು ನೀವು ಕೇಳಬಹುದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ ಆ ಕಥೆಗಳು ರಾಜನೀತಿಗಾಗಿ ರಚಿತವಾದವು; ಅದರ ನರಿಗಳಾದ ಕರಟಕ ದಮನಕರು ಆಸ್ಥಾನದವರೇ ಸರಿ. ನಿಮ್ಮ ಓದುಗರು ರಾಜಕುಮಾರರಲ್ಲ. ಅದಕ್ಕಿಂತ ಗೋವಿನ ಹಾಡನ್ನು ಮತ್ತೊಮ್ಮೆ ಓದಿ. ಎಲ್ಲರೂ ಅದರ ಸತ್ಯವಾಕ್ಯವನ್ನೇ ಹೊಗಳುತ್ತಾರೆ, ನನಗೆ ಮಾತ್ರ ಅದಕ್ಕಿಂತ ಕೆಚ್ಚಲು ಮುಖ್ಯವೆನಿಸುತ್ತದೆ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಪುಣ್ಯಕೋಟಿ ಅವಕಾಶ ಬೇಡುತ್ತಾಳೆ. ಇನ್ನು ಮುಂದೆ ಯಾರ ಮೊಲೆಯುಣ್ಣಲಿ ಎಂದು ಕರು ಕೇಳುತ್ತದೆ. ಪಶ್ಚಾತ್ತಾಪಪಟ್ಟ ಹುಲಿಯೂ ಹುಲ್ಲು ಮೇಯಲು ಹೊರಡುವುದಿಲ್ಲ, ಪ್ರಾಣವನ್ನೇ ಬಿಡುತ್ತದೆ. ಈಗಿನ ಕೆಲವರು ಮಕ್ಕಳಿಗೆ ನೋವಾಗಬಾರದೆಂದು ಆ ಹುಲಿಯನ್ನು ಬದುಕಿಸಿ ಗೆಳೆಯನನ್ನಾಗಿ ಮಾಡಿದರೆ, ಹಾಡಿನ ಬೆನ್ನೆಲುಬೇ ಮುರಿಯುತ್ತದೆಂದು ನನ್ನ ಅಭಿಪ್ರಾಯ.

ಬೆನ್ನೆಲುಬೆಂದಾಗ ನನ್ನದೇ ಒಂದು ಪ್ರಸಂಗ ನೆನಪಾಗುತ್ತದೆ. ಸ್ನಾನಕ್ಕೆಂದು ಚಿಪ್ಪನ್ನು ಕಳಚಿ ದಡದಲ್ಲಿಟ್ಟ ಆಮೆಯ ಕಥೆಯನ್ನು ನಾನು ಹಿಂದೊಮ್ಮೆ ಹಳ್ಳಿಯ ಶಾಲೆಯೊಂದರಲ್ಲಿ ಓದಿದೆ. ಮುಂದಿನ ಸಾಲಿನಲ್ಲಿದ್ದ ಹುಡುಗಿ ಎದ್ದುನಿಂತು, "ಸಾರ್, ಚಿಪ್ಪು ಬೆನ್ನಿಗೇ ಅಂಟಿರ್ತದೆ, ತೆಗೆದ್ರೆ ಸತ್ತೋಗ್ತದೆ," ಎಂದಳು. ಅವಳ ಮಾತು ಸರಿ. ಆಮೆಯ ಬೆನ್ನೆಲುಬೂ ಪಕ್ಕೆಲುಬುಗಳೂ ಚಿಪ್ಪಿನೊಡನೆ ಬೆಸೆದುಕೊಂಡಿರುತ್ತವೆ. ಮಾತಾಡುವ ಆಮೆಯನ್ನು ಆ ಮಗು ಕಿಂಚಿತ್ತೂ ಸಂಶಯವಿಲ್ಲದೆ ಒಪ್ಪಿಕೊಂಡಿತ್ತು ಎಂಬುದನ್ನು ಗಮನಿಸಿ.

ಆದ್ದರಿಂದ ಒಂದು ವಾರ ಬರೆಯುವುದನ್ನು ಬಿಟ್ಟು ನಿಮ್ಮ ಬೀದಿಯ ಮರದ ಕೆಳಗೆ ಕುಳಿತುಕೊಳ್ಳಿ. ಅಳಿಲು ತಲೆಕೆಳಗಾಗಿ ಇಳಿಯುವುದನ್ನು ನೋಡಿ. ಬೆಕ್ಕು ಕಂಡರೆ ಅದು ಎಡೆಬಿಡದೆ ಚಿಲಿಗುಡುವುದನ್ನೂ, ಪ್ರತಿ ಕೂಗಿಗೂ ಅದರ ಬಾಲ ಝಾಡಿಸುವುದನ್ನೂ ನೋಡಿ. ನಿಮ್ಮ ಅಳಿಲು ಪರೀಕ್ಷೆಯಲ್ಲಿ ನಕಲು ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಮೇಷ್ಟ್ರು ಹತ್ತಿರ ಬಂದಾಗ ಅದು ಮುಖವನ್ನು ಎಷ್ಟೇ ಮುಗ್ಧವಾಗಿರಿಸಿಕೊಂಡರೂ, ಬೆಂಚಿನ ಹಿಂದೆ ಬಾಲ ತನ್ನಷ್ಟಕ್ಕೆ ತಾನೇ ಝಾಡಿಸತೊಡಗಲಿ. ಆ ಪುಟವನ್ನು ಬರೆದು ಕಳುಹಿಸಿ, ಉಳಿದ ಕಥೆಗಳ ಬಗ್ಗೆ ಆಮೇಲೆ ಬರೆಯುತ್ತೇನೆ.

ಇಂತು ನಿಮ್ಮ ಹಿತೈಷಿ