ಏಳು ಅಂಕ ಕಡಿಮೆ ಬಿದ್ದ ಪುಟ್ಟಿಗೆ

ಹಾಸನ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಮೊನ್ನೆ ರಾತ್ರಿ ಫೋನಿನಲ್ಲಿ "ನಾನೊಬ್ಳು ದಂಡ, ದೊಡ್ಡಮ್ಮಾ" ಅಂದೆಯಲ್ಲ, ಆ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಆಗ ಏನು ಹೇಳಬೇಕೋ ತೋಚಲಿಲ್ಲ. ಊಟ ಮಾಡು, ಮಲಗು ಅಂತಷ್ಟೇ ಹೇಳಿ ಫೋನಿಟ್ಟೆ. ಎರಡು ದಿನದಿಂದ ಅದನ್ನೇ ಯೋಚಿಸಿ ಈಗ ಬರೆಯಲು ಕೂತಿದ್ದೇನೆ. ಪುರುಸೊತ್ತಾದಾಗ ಓದು.

ಸಿಎ ಫೈನಲ್ ಲೆಕ್ಕಾಚಾರ ನನಗೆ ನೀನೇ ಹೇಳಿಕೊಟ್ಟದ್ದು. ಒಂದು ಗ್ರೂಪಿನ ಮೂರು ಪತ್ರಿಕೆಯಲ್ಲೂ ತಲಾ 40 ಬರಬೇಕು, ಒಟ್ಟು 300ಕ್ಕೆ 150 ಆಗಬೇಕು. ನಿನಗೆ ಮೂರರಲ್ಲೂ 40 ದಾಟಿದೆ. ಒಟ್ಟು ಮಾತ್ರ 143ಕ್ಕೆ ನಿಂತಿದೆ. ಎರಡನೇ ಸಲವೂ ಹೀಗಾಯಿತಲ್ಲ ಅನ್ನುವ ನೋವು ಸಣ್ಣದಲ್ಲ, ನಾನು ಸಣ್ಣದು ಅನ್ನುವುದೂ ಇಲ್ಲ. ಆದರೆ ಕಡಿಮೆ ಬಿದ್ದದ್ದು ಏಳು ಅಂಕ. ಅದಕ್ಕೆ ನೀನು ಬೈದುಕೊಂಡದ್ದು ಇಡೀ ನಿನ್ನನ್ನೇ.

ನಿನ್ನ ಅಮ್ಮನಿಗೂ ಪೂರ್ತಿ ಹೇಳದ ಒಂದು ವಿಷಯ ಹೇಳುತ್ತೇನೆ. 1988. ನಾನು ಬ್ಯಾಂಕಿನ ಕ್ಯಾಶ್ ಕೌಂಟರಿಗೆ ಬಂದು ಇನ್ನೂ ವರ್ಷ ಆಗಿರಲಿಲ್ಲ. ನೋಟು ಎಣಿಸುವ ಮೆಷಿನ್ ನಮ್ಮಲ್ಲಿ ಇರಲಿಲ್ಲ. ಬಟ್ಟಲಲ್ಲಿ ಒದ್ದೆ ಸ್ಪಂಜು, ಅದಕ್ಕೆ ಬೆರಳು ಒತ್ತಿ ಒತ್ತಿ ಎಣಿಸಬೇಕು. ನೂರು ನೋಟಿಗೆ ಒಂದು ಕಟ್ಟು. ಅವತ್ತು ಸಂತೆ, ಕೌಂಟರಿನ ಮುಂದೆ ಜನವೋ ಜನ. ಸಂಜೆ ಲೆಕ್ಕ ಹಾಕಿದರೆ 5,000 ರೂಪಾಯಿ ಕಡಿಮೆ. ಐವತ್ತರ ಕಟ್ಟು ಕೊಡಬೇಕಾದ ಕಡೆ ನೂರರ ಕಟ್ಟು ಕೊಟ್ಟಿದ್ದೆ. ಯಾರಿಗೆ ಅಂತ ಕೊನೆಗೂ ಗೊತ್ತಾಗಲಿಲ್ಲ. ಕಡಿಮೆ ಬಂದದ್ದನ್ನು ಕ್ಯಾಷಿಯರೇ ಕೈಯಿಂದ ತುಂಬಬೇಕು. ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ ಅದು. ಬಳೆ ಅಡವಿಟ್ಟು ಕಟ್ಟಿದೆ.

ಹಣದ ವಿಷಯ ಅಲ್ಲಿಗೆ ಮುಗಿಯಿತು. ನನ್ನೊಳಗೆ ಮುಗಿಯಲಿಲ್ಲ. ರಾತ್ರಿ ಹಾಸಿಗೆಯಲ್ಲೂ ಬೆರಳು ತಾನಾಗಿ ಎಣಿಸುತ್ತಿತ್ತು. ಅಂಗಡಿಯವರು ಚಿಲ್ಲರೆ ಕೊಟ್ಟರೆ ಮೂರು ಸಲ ನೋಡುತ್ತಿದ್ದೆ. "ಓದಿ ಏನು ಬಂತು, ಒಂದು ಕಟ್ಟು ನೋಡಿ ಕೊಡೋಕಾಗಲ್ಲ ನಿನ್ನ ಕೈಲಿ" ಅಂತ ಒಳಗೊಬ್ಬಳು ಬೈಯುತ್ತಲೇ ಇದ್ದಳು. ಆಫೀಸಿನಲ್ಲಿ ಮಾತಾಡಿಸುವವರು ಕಡಿಮೆಯಾದರು. ಏನು ಹೇಳಬೇಕೋ ಅವರಿಗೂ ತಿಳಿಯುತ್ತಿರಲಿಲ್ಲ ಅನ್ನಿಸುತ್ತದೆ. ನಮ್ಮ ಅಟೆಂಡರ್ ಒಬ್ಬರು ಮಾತ್ರ ನಾಲ್ಕು ಗಂಟೆಗೆ ಟೀ ತಂದು, ಲೋಟವನ್ನು ನನ್ನ ಕೈಗೆಟಕುವ ಹಾಗೆ ಇಟ್ಟು, ನಾನು ತಲೆ ಎತ್ತುವ ತನಕ ಅಲ್ಲೇ ನಿಲ್ಲುತ್ತಿದ್ದರು. "ಆರೋಗ್ತದೆ ಅಮ್ಮಾ, ಕುಡೀರಿ." ಸಮಾಧಾನ ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ. ದಿನಾ ಅದೇ ಒಂದು ಮಾತು. ಮೊದಲೆಲ್ಲ ಲೋಟ ಇಟ್ಟು ಹೊರಟುಬಿಡುತ್ತಿದ್ದರು. ನಿಲ್ಲಲು ಶುರು ಮಾಡಿದ್ದು ಆ ಸಂತೆಯ ದಿನ ಆದಮೇಲೆ ಅನ್ನುವುದು ನನಗೆ ಎಷ್ಟೋ ದಿನದ ಮೇಲೆ ಹೊಳೆಯಿತು.

ಆರೇಳು ತಿಂಗಳಾಗಿರಬೇಕು, ಹೊಸದಾಗಿ ಸೇರಿದ ಹುಡುಗಿಯ ಲೆಕ್ಕದಲ್ಲಿ 200 ರೂಪಾಯಿ ಕಡಿಮೆ ಬಂತು. ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಬೆನ್ನು ಸವರಿ, "ಎಣಿಸೋ ಕೈ ಒಂದೊಂದ್ಸಲ ತಪ್ಪುತ್ತೆ ಕಣೇ. ನಾಳೆ ನಿಧಾನಕ್ಕೆ ಎಣಿಸು. ಈಗ ಮುಖ ತೊಳ್ಕೊಂಡು ಬಾ" ಅಂದೆ. ಅಂದಮೇಲೆ ಸುಮ್ಮನೆ ಕೂತುಬಿಟ್ಟೆ. ಈ ಮಾತು ನನ್ನ ಬಾಯಲ್ಲೇ ಇತ್ತು. ಇಷ್ಟು ತಿಂಗಳಲ್ಲಿ ನನಗೆ ನಾನು ಒಂದು ಸಲವೂ ಹೇಳಿಕೊಂಡಿರಲಿಲ್ಲ.

ಹೀಗೆ ಮೆತ್ತಗಾದರೆ ಓದುವುದನ್ನೇ ಬಿಟ್ಟುಬಿಡುತ್ತೇನೆ ಅಂತ ನಿನಗೆ ಭಯ ಇರಬಹುದು. ಬೈದುಕೊಳ್ಳುತ್ತಿದ್ದ ಆ ತಿಂಗಳುಗಳಲ್ಲೇ ನನ್ನ ಕೈ ಜಾಸ್ತಿ ನಡುಗುತ್ತಿತ್ತು, ತಪ್ಪೂ ಜಾಸ್ತಿ ಆಗುತ್ತಿತ್ತು.

ಈಚೆಗೆ ಓದಿದೆ. ಅಮೆರಿಕದ ಕ್ರಿಸ್ಟಿನ್ ನೆಫ್ ಅನ್ನುವ ಮನಶ್ಶಾಸ್ತ್ರಜ್ಞೆ 2003ರಲ್ಲಿ, ತನ್ನ ಮೇಲೆ ತನಗೆ ಎಷ್ಟು ಕರುಣೆ ಇದೆ ಅಂತ ಅಳೆಯಲು 26 ಪ್ರಶ್ನೆಗಳ ಪಟ್ಟಿಯನ್ನೇ ಮಾಡಿದ್ದಾರೆ. ತನ್ನ ಜೊತೆ ತಾನು ಮೆತ್ತಗೆ ನಡೆದುಕೊಳ್ಳುವುದು, ಇಂಥದ್ದು ಎಲ್ಲರಿಗೂ ಆಗುತ್ತದೆ ಅಂತ ತಿಳಿಯುವುದು, ನೋವನ್ನು ಮುಚ್ಚಿಡದೆ ಅದರಲ್ಲೇ ಮುಳುಗದೆ ನೋಡುವುದು, ಈ ಮೂರನ್ನು ಅವರು ಹೇಳುತ್ತಾರೆ. ನಿನಗೆ ಈಗ ಬೇಕಾದದ್ದು ಎರಡನೆಯದು ಅಂತ ನನಗನ್ನಿಸುತ್ತದೆ. ನಿನ್ನ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಆಗದವರೇ ಜಾಸ್ತಿ. ಫಲಿತಾಂಶ ಬಂದ ರಾತ್ರಿ ನಿನ್ನ ಹಾಗೆ ಬಾಗಿಲು ಹಾಕಿಕೊಂಡು ಕೂತವರು ಸಾವಿರಾರು ಜನ ಅಲ್ವಾ? ಅವರಲ್ಲಿ ಒಬ್ಬರನ್ನಾದರೂ ನೀನು ದಂಡ ಅನ್ನುತ್ತೀಯಾ?

ನಿನ್ನಮ್ಮ "ನಿನಗೇನು ಕಡಿಮೆಯಾಗಿದೆ, ಹೊಟ್ಟೆಗಿಲ್ಲದವರನ್ನ ನೋಡು" ಅಂದಳಂತೆ. ಅವಳಿಗೂ ಸಂಕಟ, ಅದಕ್ಕೇ ಅಂದಳು. ಬೇಜಾರು ಮಾಡಿಕೊಳ್ಳಬೇಡ. ಆದರೆ ಇನ್ನೊಬ್ಬರ ಹಸಿವು ತೋರಿಸಿ ಅಳು ನಿಲ್ಲಿಸುವುದನ್ನು ನಾನು ಕೃತಜ್ಞತೆ ಅನ್ನುವುದಿಲ್ಲ. ನಮ್ಮ ಮನೆಯಲ್ಲಿ ಥ್ಯಾಂಕ್ಸ್ ಅನ್ನುವ ರೂಢಿಯೇ ಇರಲಿಲ್ಲ. ಯಾರಾದರೂ ನೀರು ತಂದುಕೊಟ್ಟರೆ ನಿನ್ನ ಅಜ್ಜಿ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದರು. ಆಯುಧಪೂಜೆಯ ದಿನ ಈಳಿಗೆಮಣೆಯನ್ನೂ ತೊಳೆದು ಕುಂಕುಮ ಇಡುತ್ತಿದ್ದರು, ವರ್ಷವಿಡೀ ತರಕಾರಿ ಹೆಚ್ಚಿಕೊಟ್ಟಿದೆ ಅಂತ. ಯಾವ ಕೈಯಿಂದ ನಮಗೆ ಏನು ಬಂತು ಅಂತ ಅವರಿಗೆ ಮರೆಯುತ್ತಿರಲಿಲ್ಲ.

ನಡುರಾತ್ರಿ ಎದೆ ಭಾರವಾಗಿ, ನನಗೂ ಹೇಳಲಾಗದ ಹಾಗೆ ಆದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಾಚಿಕೆ ಪಡಬೇಡ.

ನಿನ್ನ ಪಿ.ಜಿ.ಯ ಅಡುಗೆಯವರು, ನೀನು ತಡವಾಗಿ ಬಂದ ದಿನ ಎರಡು ಚಪಾತಿ ಎತ್ತಿಟ್ಟು ಮೇಲೆ ತಟ್ಟೆ ಮುಚ್ಚಿರುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದೆ. ಅವರ ಹೆಸರೇನು ಅಂತ ಕೇಳಿದರೆ ನಿನಗೆ ಗೊತ್ತಿರಲಿಲ್ಲ. ನಾನು ಬೈಯುತ್ತಿಲ್ಲ ಪುಟ್ಟಿ. ನಮ್ಮ ಅಟೆಂಡರ್ ರಿಟೈರ್ ಆಗುವ ದಿನ ಹಾರ ಹಾಕಿದೆವು, ಫೋಟೋ ತೆಗೆಸಿಕೊಂಡೆವು. ಆ ಟೀ ವಿಷಯ ಇನ್ಯಾವತ್ತಾದರೂ ಹೇಳೋಣ ಅಂದುಕೊಂಡೆ. ಹೇಳಲೇ ಇಲ್ಲ. ಎರಡು ವರ್ಷಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಇವತ್ತು ರಾತ್ರಿ ಊಟಕ್ಕೆ ಹೋದಾಗ ಆ ಅಡುಗೆಯವರ ಹೆಸರು ಕೇಳು. ನನಗೂ ಹೇಳು. ಶನಿವಾರ ಬಸ್ಸು ಹತ್ತಿ ಬಾ, ಪುಸ್ತಕ ತರಬೇಡ. ಕೋಡುಬಳೆ ಮಾಡಿಟ್ಟಿರುತ್ತೇನೆ, ಹೋಗುವಾಗ ಅವರಿಗೂ ಒಂದು ಡಬ್ಬಿ ಕಟ್ಟಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ